‘ಇವತ್ತು ರಜೆ’ ತಂಡದ ಮೊದಲ ರೆಕಾರ್ಡು

ನಮ್ಮ ತಂಡದ ಬಗ್ಗೆ ಬರೆಯೋರೆಲ್ಲ ೧೯೮೧ನೇ ಇಸವಿ ಬಂದ ಕೂಡಲೇ ಪೆನ್ನು ಬಿಗಿಹಿಡೀತಾರೆ. ಬರೀಲಿ ಬಿಡಿ. ನಮ್ಮ ಮೊದಲ ರೆಕಾರ್ಡು ಗೆದ್ದ ವರ್ಷ ಅದು, ನಾನೇನು ನಾಚಿಕೊಳ್ಳಲ್ಲ. ಆದರೆ ಅವರಲ್ಲಿ ಒಬ್ಬರೂ ಒಸಾಕಾದ ನಮ್ಮ ಸ್ನಾನದ ಮನೆಯ ಹಿಂಬಾಗಿಲು ಕಂಡವರಲ್ಲ. ಅಲ್ಲಿ ಹುಟ್ಟಿ ಬೆಳೆದವಳು ನಾನು, ಮಿತ್ಸುಯೊ. ಆದ್ದರಿಂದ ನಾನೇ ಹೇಳ್ತೀನಿ, ಕೇಳಿ.

ಅಪ್ಪ ಗೆನ್‌ಜಿರೋ ನಡೆಸ್ತಿದ್ದ, ಕೇರಿಯವರೆಲ್ಲ ಕಾಸು ಕೊಟ್ಟು ಮೀಯೋ ಸ್ನಾನದ ಮನೆ ಅದು. ಗಂಡಸರಿಗೊಂದು ಭಾಗ, ಹೆಂಗಸರಿಗೊಂದು ಭಾಗ, ನಡುವೆ ಸೂರಿಗೆ ಮುಟ್ಟದ ಗೋಡೆ. ಈ ಕಡೆಯಿಂದ ಹೆಂಡತಿ "ರೀ, ನನ್ನದಾಯ್ತು, ಹೊರಡಿ!" ಅಂತ ಕೂಗಿದರೆ ಆ ಕಡೆಯಿಂದ "ಬಂದೆ ಕಣೇ" ಅಂತ ಉತ್ತರ ಬರುತ್ತೆ. ಬಿಸಿನೀರಿನ ದೊಡ್ಡ ತೊಟ್ಟಿಯ ಹಿಂದಿನ ಗೋಡೆಯಾಚೆ ಸೌದೆ ಹಾಕಿ ಉರಿಸೋ ಬಾಯ್ಲರ್. ಅಪ್ಪ ಹಗಲೆಲ್ಲ ಅಲ್ಲೇ ಇರ್ತಿದ್ದ, ಮೈತುಂಬ ಮಸಿ. ನಾನು ಬಾಗಿಲ ಬಳಿ ಎತ್ತರದ ಪೀಠದಲ್ಲಿ ಕೂತು ಕಾಸು ಈಸ್ಕೊಂಡು ಎರಡೂ ಕಡೆ ಕಣ್ಣಿಡ್ತಿದ್ದೆ.

ಸೋಮವಾರ ಬಾಗಿಲಿಗೆ ‘ಇವತ್ತು ರಜೆ’ ಅನ್ನೋ ಹಲಗೆ ಬೀಳ್ತಿತ್ತು. ಆ ಮಧ್ಯಾಹ್ನ ಒಳಗೆ ನಾವು ಮೂರು ಜನ. ಹೆಂಗಸರ ಕಡೆ ನಾನು, ತೊಟ್ಟಿಯಲ್ಲಿ ಇಪ್ಪತ್ತು ಪ್ಲಾಸ್ಟಿಕ್ ಬೋಗುಣಿ ಬೋರಲು ತೇಲಿಬಿಟ್ಟು ಬಡೀತಿದ್ದೆ. ಗಂಡಸರ ಕಡೆ ಇಬ್ಬರು. ಒಬ್ಬರು ಕುರಾಮೋಚಿ, ಟ್ಯೂಷನ್ ಹೇಳಿಕೊಡೋ ಮೇಷ್ಟ್ರು. ಗಿಟಾರನ್ನ ಅಂಗಾತ ಮಲಗಿಸಿ ಪಿಟೀಲಿನ ಕಮಾನಿನಿಂದ ಉಜ್ಜೋ ಮಹಾನುಭಾವರು. ಇನ್ನೊಬ್ಬ ತೊಕುಜಿ, ಹಡಗು ಕಟ್ಟೆಯಲ್ಲಿ ಬೆಸುಗೆ ಕೆಲಸ, ಟ್ರಂಬೋನ್ ಅನ್ನೋ ಹಿತ್ತಾಳೆ ಕಹಳೆ ಊದ್ತಿದ್ದ. ನನಗೆ ಅವರ ಮುಖ ಕಾಣಲ್ಲ, ಅವರಿಗೆ ನನ್ನ ಮುಖ ಕಾಣಲ್ಲ. ಕಿವಿಯಲ್ಲಿ ಹುಡುಕಿಕೊಂಡು ನಾಲ್ಕು ವರ್ಷ ಹಾಗೇ ನುಡಿಸಿದ್ವಿ. ತಂಡಕ್ಕೆ ಆ ಹಲಗೆಯ ಹೆಸರನ್ನೇ ಇಟ್ಟುಕೊಂಡ್ವಿ.

೧೯೮೧ರ ಫೆಬ್ರವರಿಯಲ್ಲಿ ಟೋಕಿಯೋದ ರೆಕಾರ್ಡ್ ಕಂಪನಿಯಿಂದ ಉಗಾಕಿ ಅನ್ನೋರು ಸ್ನಾನದ ಮನೆಯಲ್ಲೇ ತುಂಬಿಸಿದ್ದ ನಮ್ಮ ಕ್ಯಾಸೆಟ್ ಕೇಳಿ ಕರೆಸಿಕೊಂಡ್ರು. ಅಪ್ಪನಿಗೆ ಹೇಳಿದೆ.

"ಬೋಗುಣಿ ಬಡಿಯೋದೂ ಒಂದು ಕಸುಬಾ?" ಅಂದ ಅಪ್ಪ. "ಗಿರಾಕಿಗಳನ್ನ ಯಾರು ನೋಡ್ಕೋತಾರೆ?"

"ಬಾಗಿಲಲ್ಲಿ ಕೂತು ಕಂಡೋರ ಬೆತ್ತಲೆ ಮೈ ಕಾಯೋದಕ್ಕಿಂತ ಬೋಗುಣಿನೇ ವಾಸಿ! ಸತ್ತರೂ ಇನ್ನು ಆ ಜಾಗದಲ್ಲಿ ಕೂರಲ್ಲ."

"ಹೋಗು ಹಾಗಾದ್ರೆ. ಹಿಂಬಾಗಿಲಿಂದ ನುಸುಳ್ಕೊಂಡು ವಾಪಸ್ ಬರಬೇಡ."

ಬಾಯಿ ನನ್ನದು ಸ್ವಲ್ಪ ಉದ್ದ, ಒಪ್ಕೋತೀನಿ. ಅಪ್ಪನದೇನು ಗಿಡ್ಡವೇ? ತೊಕುಜಿಯ ಅತ್ತೆ ಮನೆಯಲ್ಲಿ ಬಾಡಿಗೆಗೆ ಕೋಣೆ ಹಿಡಿದೆ.

ಏಪ್ರಿಲ್‌ನಲ್ಲಿ ಟೋಕಿಯೋ ಸ್ಟುಡಿಯೋ. ಮೂರು ದಿನ ನಮ್ಮದೇ ಅಂದ್ರು. ಮೂರು ದಿನವೂ ನಮ್ಮ ಮಾನ ಹರಾಜು. ಒಂದು ಸ್ವರ ಕೂಡ್ತಿಲ್ಲ.

"ಮೇಷ್ಟ್ರೇ, ನೀವು ಕೆಳಗಿದೀರಿ."

"ನೀನು ಮೇಲೆ ಹತ್ತಿ ಕೂತಿದೀಯ ಕಣೋ!"

"ಇಬ್ರೂ ಹಾಳಾಗಿ ಹೋಗಿ," ಅಂದೆ ನಾನು. ಅಲ್ಲಿನ ಪುಟ್ಟ ತೊಟ್ಟಿಯಲ್ಲಿ ನನ್ನ ಬೋಗುಣಿಗಳಂತೂ ತಂಗಳು ಮುದ್ದೆ ಬಡಿದ ಹಾಗೆ ಕೇಳ್ತಿದ್ವು.

ಕೊನೇ ದಿನ ಉಗಾಕಿ ನಮ್ಮ ಹಳೇ ಕ್ಯಾಸೆಟ್ ಹಾಕಿದ್ರು. "ಕೆಳಗಡೆ ಗುಂಯ್ ಅಂತ ಒಂದು ನಾದ ಇದೆಯಲ್ಲ, ಮೆಲ್ಲಗೆ ಏರ್ತಾ ಹೋಗುತ್ತೆ, ಅದನ್ನ ಯಾರು ನುಡಿಸೋದು?"

ನಮ್ಮ ಮೂವರಲ್ಲಿ ಯಾರೂ ನುಡಿಸ್ತಿರಲಿಲ್ಲ. ಅದು ಬಾಯ್ಲರ್ ಕೊಳವೆಯ ಶಬ್ದ! ಹುಟ್ಟಿದಾಗಿಂದ ಕೇಳಿ ಕೇಳಿ ನನಗದು ಕೇಳಿಸ್ತಾನೇ ಇರಲಿಲ್ಲ. ನಾಲ್ಕು ವರ್ಷ ನಾವು ಶ್ರುತಿ ಹಿಡಿದಿದ್ದು ಅದಕ್ಕೆ. ದೊಡ್ಡ ಸಂಗೀತಗಾರರು ಅಂತ ಎದೆ ಉಬ್ಬಿಸಿಕೊಂಡು ಬಂದವರಿಗೆ ತಮ್ಮ ಶ್ರುತಿ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ, ಥೂ.

ಉಗಾಕಿ ಒಂದು ಯಂತ್ರದಿಂದ ಅಂಥದೇ ನಾದ ಹೊರಡಿಸಿದ್ರು. ಅದು ಕಲ್ಲಿನ ಹಾಗೆ ಒಂದೇ ಕಡೆ ನಿಂತಿತ್ತು. ಕೈಯಲ್ಲಿ ಏರಿಸಿ ನೋಡಿದ್ರು, ನಾವು ಬಲಕ್ಕೆ ಹೋದ್ರೆ ಅದು ಎಡಕ್ಕೆ. ಕೊನೆಗೆ ಅವರು, "ಈ ತಿಂಗಳೊಳಗೆ ರೆಕಾರ್ಡಿಂಗ್ ಮುಗೀಬೇಕು. ಇಲ್ಲಾಂದ್ರೆ ಕಂಪನಿ ಕರಾರು ಹರಿದುಹಾಕುತ್ತೆ, ನನ್ನ ಕೈಯಲ್ಲಿಲ್ಲ" ಅಂದ್ರು.

"ನಮ್ಮೂರಿಗೆ ಬನ್ನಿ. ಸೋಮವಾರ ಮಾಡೋಣ," ಅಂದೆ ನಾನು.

ಊರಿಗೆ ಬಂದಿಳಿದರೆ ತೊಕುಜಿಯ ಅತ್ತೆ ಬಾಗಿಲಲ್ಲೇ ಸುದ್ದಿ ಕೊಟ್ಟಳು. ಅಪ್ಪ ಗ್ಯಾಸ್ ಬಾಯ್ಲರ್‌ಗೆ ಹೇಳಿದಾನೆ. ಬರೋ ವಾರ ಗುರುವಾರ ಬಂದು ಹಳೇದನ್ನ ಕಿತ್ತು ಹಾಕ್ತಾರೆ. ಇದ್ದಿದ್ದು ಒಂದೇ ಸೋಮವಾರ.

ಬರಬೇಡ ಅಂದಿದ್ದ ಹಿಂಬಾಗಿಲಿಗೇ ಹೋದೆ. ಅಪ್ಪ ಸೌದೆಗೆ ಅಂತ ಹಳೇ ಮನೆಯ ತೊಲೆಯೊಂದನ್ನ ಗರಗಸದಲ್ಲಿ ಕೊಯ್ತಿದ್ದ. ತಲೆ ಎತ್ತಲಿಲ್ಲ.

"ಅಪ್ಪಾ, ಸೋಮವಾರ ಬಾಯ್ಲರ್ ಹಚ್ಚಬೇಕು. ರೆಕಾರ್ಡಿಂಗ್ ಇದೆ."

"ಟೋಕಿಯೋದಲ್ಲಿ ಬೆಂಕಿ ಸಿಗಲ್ವಾ?"

"ಸಿಗುತ್ತೆ. ನಿನ್ನ ಬೆಂಕಿ ಸಿಗಲ್ಲ." ಅಂದೆ. "ಅವತ್ತು ಆಡಿದ್ದು ತಪ್ಪು. ನೀನು ಹಚ್ಚದಿದ್ರೆ ನಮ್ಮ ತಂಡ ಇಲ್ಲಿಗೇ ಮುಗೀತು."

ಗರಗಸ ನಿಂತಿತು. ಅಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ.

"ಇಷ್ಟು ವರ್ಷ ರಜೆ ದಿನ ಯಾಕೆ ಉರಿಸ್ತಿದ್ದೆ ಅಂದ್ಕೊಂಡೆ?" ಅಂದ.

ನಿಜ ಹೇಳ್ತೀನಿ, ನಾನು ಒಂದು ದಿನವೂ ಯೋಚಿಸಿರಲಿಲ್ಲ. ಕೊಳವೆ ಒಣಗಿಸೋಕೆ ಇರಬೇಕು ಅಂದ್ಕೊಂಡಿದ್ದೆ.

"ತಣ್ಣೀರಲ್ಲಿ ಬೋಗುಣಿ ಬಡಿದ್ರೆ ನಿನ್ನ ಬೆರಳು ಮರಗಟ್ಟಲ್ವೇನೇ, ಪೆದ್ದಿ?" ಅಂದವನು ಮತ್ತೆ ಗರಗಸ ಎತ್ತಿಕೊಂಡ. ನನಗೆ ಅಲ್ಲೇ ಗೋಳೋ ಅಂತ ಅತ್ತುಬಿಡೋಣ ಅನ್ನಿಸಿತು. ಅಳಲಿಲ್ಲ. ತೊಲೆಯ ಇನ್ನೊಂದು ತುದಿ ಹಿಡ್ಕೊಂಡೆ.

ಸೋಮವಾರ ಉಗಾಕಿ ಪ್ಯಾಂಟು ಮಡಚಿಕೊಂಡು ಬರಿಗಾಲಲ್ಲಿ ಟೈಲ್ಸ್ ಮೇಲೆ ಮೈಕು ನಿಲ್ಲಿಸಿದ್ರು. ಗೋಡೆಯಾಚೆ ಒಲೆ ಹತ್ತಿತು. ಗುಂಯ್ ಅನ್ನೋದು ಶುರುವಾಯ್ತು. ಮೊದಲ ಸಲ ಅದನ್ನ ಬೇಕಂತಲೇ ಕೇಳಿದೆ. ಹಾಗೆ ಕೇಳಿದ ಮೇಲೆ ಇನ್ನೊಂದು ವಿಷಯ ಗೊತ್ತಾಯ್ತು. ನಾನು ಜೋರಾಗಿ ಬಡಿದರೆ ಆಚೆ ಸೌದೆ ಬೀಳೋ ಸದ್ದು, ಆಮೇಲೆ ನಾದ ಏರುತ್ತೆ. ನಾನು ತಗ್ಗಿದರೆ ಒಲೆಯ ಬಾಗಿಲು ಕಿರ್ ಅಂತ ಮುಚ್ಚಿಕೊಳ್ಳುತ್ತೆ. ಏರಿಸೋಳು ನಾನೊಬ್ಬಳೇ, ಉಳಿದವರು ನನ್ನ ಹಿಂದೆ ಬರ್ತಾರೆ ಅಂತ ನಾಲ್ಕು ವರ್ಷ ಮೆರೆದವಳು ನಾನು. ಆ ಮುದುಕ ನಮ್ಮ ಜೊತೆ ನುಡಿಸ್ತಿದ್ದ!

ಹನ್ನೊಂದು ನಿಮಿಷಕ್ಕೆ, ಯಾವಾಗಲೂ ನಿಲ್ಲಿಸೋ ಜಾಗದಲ್ಲಿ ನಿಲ್ಲಿಸಿದ್ವಿ. ಪ್ರತಿಧ್ವನಿ ಇಳೀತು. ಉಗಾಕಿ ಎರಡೂ ಕೈ ಎತ್ತಿ ಕುಣಿಯೋಕೆ ತಯಾರು. ಅಷ್ಟರಲ್ಲಿ ಬಾಯ್ಲರ್ ಕಡೆಯ ಗೋಡೆಯ ಸಣ್ಣ ಕಿಂಡಿ ಬಾಗಿಲು ದಡ್ ಅಂತ ತೆಗೀತು. ಮಸಿ ಮೆತ್ತಿದ ಮುಖ.

"ಯಾಕೆ ನಿಲ್ಲಿಸಿದ್ರಿ?"

"ಮುಗೀತಲ್ಲಪ್ಪಾ."

"ಏನು ಮುಗೀತು? ನಾಲ್ಕು ವರ್ಷದಿಂದ ನೋಡ್ತಿದೀನಿ, ಪ್ರತಿ ಸಲ ಅಲ್ಲೇ ಎದ್ದು ಓಡ್ತೀರಿ. ಕೆಂಡ ಹದಕ್ಕೆ ಬರೋದೇ ಆಮೇಲೆ! ಹೆದರುಪುಕ್ಕಲರು!"

ಗಂಡಸರ ಕಡೆಯಿಂದ ಮೇಷ್ಟ್ರ ದನಿ ಬಂತು, "ಮಿತ್ಸುಯೊ, ಅವರು ಹೇಳೋದು ಸರಿ ಕಣಮ್ಮ. ಅಲ್ಲಿಂದಾಚೆ ಏನು ಮಾಡಬೇಕು ಅಂತ ನನಗೆ ಯಾವತ್ತೂ ಗೊತ್ತಾಗಿಲ್ಲ."

"ನನಗೂ ಅಷ್ಟೇ ಅಕ್ಕಾ," ಅಂದ ತೊಕುಜಿ.

"ಸರಿ ಅಪ್ಪಾ," ಅಂದೆ. "ಈ ಸಲ ನೀನು ನಿಲ್ಲಿಸೋವರೆಗೂ ನಾವು ನಿಲ್ಲಿಸಲ್ಲ. ಕಿಂಡಿ ಮುಚ್ಚು."

ಇಪ್ಪತ್ತಮೂರು ನಿಮಿಷ. ಹಳೇ ಜಾಗ ದಾಟಿದಾಗ ನನ್ನ ಕೈಗೆ ಏನೂ ಸಿಗದ ಹಾಗಾಯ್ತು. ನಾದವೊಂದೇ ದಾರಿ. ಅದನ್ನೇ ಹಿಡಿದು ಹೋದೆ. ಏರಿತು, ಏರಿತು, ಟೈಲ್ಸ್ ನಡುಗಿತು, ತೊಕುಜಿ ಅಳುವ ಹಾಗೆ ಊದಿದ. ಆಮೇಲೆ ಆಚೆ ಸೌದೆ ಬೀಳೋದು ನಿಂತಿತು. ಕೆಂಡ ಆರ್ತಾ ಆರ್ತಾ ನಾದ ಇಳೀತು, ಅದರ ಜೊತೆ ನಾವೂ ಇಳಿದ್ವಿ. ನಮ್ಮ ಸಂಗೀತಕ್ಕೆ ಮೊದಲ ಬಾರಿ ಒಂದು ಕೊನೆ ಸಿಕ್ಕಿತು. ಅದೇ ರೆಕಾರ್ಡು, ನೀವು ಕೇಳಿರ್ತೀರಿ.

ಗುರುವಾರ ಬಾಯ್ಲರ್ ಕಿತ್ತರು. ಡಿಸೆಂಬರ್‌ನಲ್ಲಿ ಟೋಕಿಯೋದ ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ ಅಂತ ಗೊತ್ತಾದಾಗ ಅಪ್ಪನನ್ನ ಕರೆದೆ.

"ಒಲೆ ಇಲ್ಲದ ಕಡೆ ನಾನು ಬಂದು ಏನು ಮಾಡ್ಲಿ?"

"ಎಲ್ಲಿ ನಿಲ್ಲಿಸಬಾರದು ಅಂತ ಹೇಳು. ಅಷ್ಟು ಸಾಕು."

"ಬೋಗುಣಿ ಬಡಿಯೋದಕ್ಕೆ ಮೇಸ್ತ್ರಿ ಬೇರೆ," ಅಂತ ಗೊಣಗಿದ. ಆದರೂ ಬಂದ. ಮದುವೆಗೆ ಹಾಕಿದ ಕೋಟು ಹಾಕಿಕೊಂಡು ಮೊದಲ ಸಾಲಲ್ಲಿ ಕೂತ.

ಅವತ್ತು ಕೆಳಗಿನ ನಾದ ಹಿಡಿಯೋ ಕೆಲಸ ತೊಕುಜಿಯ ಟ್ರಂಬೋನಿನದು. ನಾವು ಏರಿದ್ವಿ. ಹಳೇ ಜಾಗ ಬಂತು, ಎದುರಿಗೆ ಸಾವಿರ ಜನ, ನನ್ನ ಕೈ ಹೆದರಿ ತಾನಾಗೇ ತಗ್ಗಿತು. ಕಣ್ಣೆತ್ತಿ ನೋಡಿದೆ. ಅಪ್ಪ ‘ನಿಲ್ಲಿಸಬೇಡ’ ಅನ್ನೋ ಹಾಗೆ ತಲೆ ಅಲ್ಲಾಡಿಸಿದ, ಸೌದೆ ಎಸೆಯೋ ಹಾಗೆ ಬಲಗೈ ಬೀಸಿದ. ನಾನು ಬಡಿದೆ.