ತಾಡಪತ್ರಿ ಶೆಡ್ಡಿನ ಬಾವಿ

ಖಜೂರಿಯಲ್ಲಿ ಹೆದ್ದಾರಿಯ ಬದಿಗೆ ದೌಲತರಾಯನ ಶೆಡ್ಡು ಇತ್ತು. ಲಾರಿಗಳ ತಾಡಪತ್ರಿ ಹೊಲಿದು, ಮಳೆ ಇಳಿಯದಂತೆ ಔಷಧದಲ್ಲಿ ಅದ್ದಿ ಕೊಡುವುದು ಅವನ ಕೆಲಸ. ಆಳಂದದ ತೊಗರಿ ವ್ಯಾಪಾರಿಗಳೆಲ್ಲ ಅವನ ಗಿರಾಕಿಗಳೇ. ಹೈದರಾಬಾದಿನ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ತಂಗಿ ಗುರುಶಾಂತಮ್ಮ ೧೯೯೭ರ ಬೇಸಿಗೆಗೆ ಅಣ್ಣನ ಮನೆಗೆ ಬಂದಳು. ಅತ್ತಿಗೆ ಸುಂದರಬಾಯಿ ಆಗ ಚೊಚ್ಚಲ ಬಸುರಿ.

ಮರುದಿನ ಅಣ್ಣನಿಗೆ ಬುತ್ತಿ ಒಯ್ದವಳು ಶೆಡ್ಡಿನ ಮೂಲೆಯ ನೀಲಿ ಡ್ರಮ್ಮಿನ ಮೇಲಿನ ಹೆಸರು ಓದಿ ನಿಂತುಬಿಟ್ಟಳು. ವರ್ಷದಿಂದೀಚೆಗೆ ಮುಂಬಯಿಯಿಂದ ತರಿಸುತ್ತಿದ್ದ ಹೊಸ ಔಷಧವದು. ಫ್ಲೋರಿನ್ ಬೆರೆತ ಆ ರಾಸಾಯನಿಕದ ಜಾತಿಯದನ್ನೇ ಅವಳು ಗಾಜಿನ ತಟ್ಟೆಗಳಲ್ಲಿ ಬೆಳೆಸಿದ ಮನುಷ್ಯರ ಯಕೃತ್ತಿನ ಜೀವಕೋಶಗಳ ಮೇಲೆ ಹಾಕಿ ನೋಡುತ್ತಿದ್ದಳು. ಆ ಕೋಶಗಳೊಳಗೆ ಗ್ರಾಹಕವೆಂಬ ಒಂದು ಪ್ರೋಟೀನು ಇರುತ್ತದೆ. ಕೊಬ್ಬು ಬಂದು ತಾಗಿದರೆ, ಇದನ್ನು ಉರಿಸು ಎಂದು ಅದು ಕೋಶಕ್ಕೆ ಅಪ್ಪಣೆ ಕೊಡುತ್ತದೆ. ಈ ರಾಸಾಯನಿಕ ಕೊಬ್ಬಿನ ವೇಷದಲ್ಲಿ ಹೋಗಿ ಅದೇ ಗ್ರಾಹಕವನ್ನು ಎಬ್ಬಿಸುತ್ತದೆ. ಆದರೆ ತಾನು ಉರಿಯುವುದಿಲ್ಲ, ಕರಗುವುದಿಲ್ಲ, ಬೇಗ ಹೊರಗೂ ಹೋಗುವುದಿಲ್ಲ. ಅದನ್ನು ತಿಂದ ಇಲಿಗಳ ಯಕೃತ್ತು ಊದಿಕೊಂಡದ್ದನ್ನು ಅವಳು ಕೈಯಲ್ಲಿ ಹಿಡಿದು ನೋಡಿದ್ದಳು.

ಶೆಡ್ಡಿನ ಆಳು ಬೀರಣ್ಣ ಮೊಣಕೈವರೆಗೆ ಕೈ ಅದ್ದಿ ತಾಡಪತ್ರಿ ಹಿಂಡುತ್ತಿದ್ದ. ಹಿಂಡಿದ ನೀರು ಹಿತ್ತಲಿನ ಕುಣಿಗೆ ಹರಿಯುತ್ತಿತ್ತು. ಕುಣಿಯ ಆಚೆಗೇ ಬಾವಿ. ಮನೆಯವರೆಲ್ಲ ಕುಡಿಯುವುದು ಅದೇ ನೀರು. ಬೆಳಿಗ್ಗೆ ತಾನೂ ಅದನ್ನೇ ಕುಡಿದದ್ದು ಅವಳಿಗೆ ನೆನಪಾಯಿತು.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತ ಅಣ್ಣನಿಗೆ ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ನೀರು ಸಿಹಿಯಾಗಿದೆ, ವಾಸನೆಯೂ ಇಲ್ಲ ಎಂದು ಅವನು ಮೊದಲು ನಕ್ಕ. ಆಮೇಲೆ ತುತ್ತು ಕೆಳಗಿಟ್ಟ.

"ಒಂದ ಮಾತಿನ್ಯಾಗ ಹೇಳು. ನನ್ನ ಕೂಸಿಗಿ ಏನರ ಆಗ್ತದೋ ಇಲ್ಲೋ?"

"ಗೊತ್ತಿಲ್ಲಣ್ಣ."

"ಗೊತ್ತಿಲ್ಲಂದ್ರ ಯಾಕ ಅಂಜಸ್ತಿ?"

"ಯಾರಿಗೂ ಗೊತ್ತಿಲ್ಲ. ಅದಕ್ಕ ನಾನೂ ಅಂಜಾಕತ್ತೇನಿ."

ಅವನು ಸಿಟ್ಟಿನಿಂದ ಎದ್ದು ಹೋದ. ಬಾಗಿಲ ಹಿಂದಿದ್ದ ಸುಂದರಬಾಯಿ ಎಲ್ಲ ಕೇಳಿಸಿಕೊಂಡಿದ್ದಳು. ಗಂಡನೊಡನೆ ವಾದಕ್ಕಿಳಿಯದೆ, ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿದ್ದ ತವರಿಗೆ ಹೋಗುತ್ತೇನೆಂದು ಗಂಟು ಕಟ್ಟಿದಳು. ಆಳಂದದ ಬಸ್ ನಿಲ್ದಾಣದಲ್ಲಿ ನಾದಿನಿಯ ಮುಂಗೈ ಹಿಡಿದು, ಈಗ ಆ ನೀರು ಬಿಟ್ಟರೆ ಹೆರಿಗೆಯಾಗುವುದರೊಳಗೆ ಆ ಔಷಧವೆಲ್ಲ ಮೈಯಿಂದ ಹೋಗುತ್ತದೆಯೇ ಎಂದು ಕೇಳಿದಳು. ಹೌದೆನ್ನಲು ಗುರುಶಾಂತಮ್ಮನಿಗೆ ಬಹಳ ಆಸೆಯಾಯಿತು.

"ಇಲ್ಲ ಅತ್ತಿಗಿ. ವರ್ಷಗಟ್ಟಲೆ ಇರ್ತದ," ಅಂದಳು.

ಸುಂದರಬಾಯಿ ಕೈ ಬಿಟ್ಟು ಬಸ್ಸು ಹತ್ತಿದಳು. ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಗುರುಶಾಂತಮ್ಮ ಆ ಬಾವಿಯ ನೀರನ್ನು ಶೀಶೆಯಲ್ಲಿ ತುಂಬಿಕೊಂಡು ಹೈದರಾಬಾದಿಗೆ ಮರಳಿದಳು. ಕಸ, ಕ್ರಿಮಿಗಳನ್ನಷ್ಟೇ ಸೋಸಿ ತೆಗೆದು ಅದನ್ನು ಜೀವಕೋಶಗಳಿಗೆ ಕುಡಿಸಿದಳು. ಗ್ರಾಹಕ ಎಚ್ಚೆತ್ತರೆ ಕೋಶಗಳು ಬೆಳಕು ಬೀರುವಂತೆ ಅವುಗಳನ್ನು ಸಿದ್ಧಪಡಿಸಲಾಗಿತ್ತು. ಬೇರೆ ನೀರು ಕುಡಿದ ಕೋಶಗಳು ಮಂಕಾಗಿಯೇ ಉಳಿದವು, ಖಜೂರಿಯ ನೀರು ಕುಡಿದವು ಬೆಳಗಿದವು. ಉಪಕರಣದ ತಪ್ಪಿರಲೆಂದು ಬೇಡಿಕೊಳ್ಳುತ್ತ ಅವಳು ಮತ್ತೆ ಮಾಡಿದಳು. ಮತ್ತೆ ಬೆಳಗಿದವು. ಅವಳ ಪ್ರಾಧ್ಯಾಪಕರು, ಇಲಿಗಿಂತ ಮನುಷ್ಯರ ಗ್ರಾಹಕ ನಿಧಾನ, ತಟ್ಟೆಯಲ್ಲಿ ಆದದ್ದು ಮೈಯಲ್ಲಿ ಆಗಲೇಬೇಕೆಂದಿಲ್ಲ ಎಂದು ಸಮಾಧಾನ ಹೇಳಿದರು. ಆದರೆ ಅವರೂ ಮತ್ತೊಮ್ಮೆ ಆ ಅಂಕಿಗಳನ್ನು ನೋಡಿದರು.

ಗುರುಶಾಂತಮ್ಮ ಫೋನಿನಲ್ಲಿ ದೌಲತರಾಯನಿಗೆ ಸುದ್ದಿ ಹೇಳಿದಳು. ಅಷ್ಟರಲ್ಲಿ ಅವನು ಬೀರಣ್ಣನನ್ನು ಗುಲ್ಬರ್ಗಾದ ಒಬ್ಬ ಡಾಕ್ಟರಿಗೆ ತೋರಿಸಿದ್ದ. ಯಕೃತ್ತು ಸ್ವಲ್ಪ ದಪ್ಪಗಿದೆ, ಸೆರೆ ಕುಡಿಯುವುದು ಬಿಡು ಎಂದಿದ್ದರಂತೆ. ಬೀರಣ್ಣ ಸೆರೆ ಮುಟ್ಟಿದವನೇ ಅಲ್ಲ. ಅವನು ಹಾಗೆಂದರೂ ಡಾಕ್ಟರು ನಂಬಲಿಲ್ಲ. ದೌಲತರಾಯ ಡ್ರಮ್ಮುಗಳನ್ನು ವಾಪಸು ಕಳಿಸಿ, ಮೊದಲಿನಂತೆ ಮೇಣ ಹಚ್ಚುವ ಕೆಲಸ ಹಿಡಿದ. ಬಾವಿಗೆ ಚಪ್ಪಡಿ ಮುಚ್ಚಿಸಿದ. ಆದರೆ ನೆಲದೊಳಗೆ ಆ ನೀರು ಎಲ್ಲಿಯವರೆಗೆ ಹರಿದಿದೆಯೆಂದು ಅವನಿಗೂ ತಿಳಿಯದು, ತಂಗಿಗೂ ತಿಳಿಯದು.

ಮಳೆಗಾಲದಲ್ಲಿ ಕೊಳಕೂರಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಗುರುಶಾಂತಮ್ಮ ಓಡಿ ಬಂದಳು. ತೂಕ ಸರಿಯಿತ್ತು, ಅಳು ಜೋರಾಗಿತ್ತು. ಸುಂದರಬಾಯಿಯ ತಾಯಿ ಸುಭದ್ರಾಬಾಯಿ ಎಲ್ಲರಿಗೂ ಸಕ್ಕರೆ ಹಂಚುತ್ತಿದ್ದಳು. ಬಾಣಂತಿ ಮಾತ್ರ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎದೆಗೆ ಹಚ್ಚದೆ ಕೂತಿದ್ದಳು. ಹಾಲಿನಲ್ಲೂ ಅದು ಬರುತ್ತದೆಯೇ ಎಂದು ಮೆಲ್ಲಗೆ ಕೇಳಿದಳು.

"ಸ್ವಲ್ಪ ಬರಬಹುದು," ಎಂದಳು ಗುರುಶಾಂತಮ್ಮ. "ಆದ್ರೂ ಕುಡಸ್ರಿ ಅತ್ತಿಗಿ. ನಿಮ್ಮ ಹಾಲಿಗಿಂತ ಚಲೋದು ಇದಕ್ಕ ಬ್ಯಾರೆ ಏನೂ ಇಲ್ಲ."

"ಖರೇ ಹೇಳ್ತೀಯೇನು?"

"ಖರೇನೇ ಹೇಳಾಕತ್ತೇನಿ."

ಸುಂದರಬಾಯಿ ಅವಳ ಮುಖವನ್ನೇ ನೋಡಿದಳು. ಹಸಿದ ಕೂಸು ಕೈಕಾಲು ಬಡಿಯುತ್ತಿತ್ತು. ಆಮೇಲೆ ಸೆರಗು ಸರಿಸಿ ಅದನ್ನು ಎತ್ತಿಕೊಂಡಳು. ಅದು ಕುಡಿದು ಮುಗಿಸುವವರೆಗೂ ಗುರುಶಾಂತಮ್ಮ ಪಕ್ಕದಲ್ಲೇ ಕೂತಿದ್ದಳು.