ನಾಲಿಗೆಯ ಕೆಳಗಿನ ಹರಳು

ಆ ಕಟ್ಟಡದಲ್ಲಿ ಮೂವತ್ತು ಬಚ್ಚಲುಮನೆಗಳು ಏಳುತ್ತಿದ್ದವು. ಅವನ್ನು ಕಟ್ಟುವ ಹೆಂಗಸರಿಗೆ ಮಾತ್ರ ಕೂತೇಳಲು ಒಂದು ಮರೆ ಇರಲಿಲ್ಲ.

ಹಾಗಾಗಿ ಸಿಮೆಂಟು ಹೊರುವ ಅಕ್ಕ-ತಂಗಿ ಇಬ್ಬರೂ ಬೆಳಿಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ. ಗಂಟಲು ಒಣಗಿದರೆ, ಮರಳು ಜರಡಿ ಹಿಡಿದಾಗ ಉಳಿದ ನುಣುಪಾದ ಹರಳೊಂದನ್ನು ಸೆರಗಿಗೆ ಒರೆಸಿ ನಾಲಿಗೆಯ ಕೆಳಗಿಟ್ಟುಕೊಳ್ಳುವುದು. ಬಾಯಲ್ಲಿ ನೀರೂರುತ್ತದೆ, ದಿನ ಕಳೆಯುತ್ತದೆ. ಈ ಉಪಾಯ ಕಲಿಸಿದವಳು ಅಕ್ಕನೇ.

"ಮೇಸ್ತ್ರಿ ಬೈದ್ರೆ ತಿರುಗಿ ಬೈಯೋಕಾಗಲ್ಲ ಕಣಕ್ಕ, ಅದೊಂದೇ ನಷ್ಟ" ಎಂದು ತಂಗಿ ನಗುತ್ತಿದ್ದಳು.

ಒಂದು ದಿನ ತಂಗಿಗೆ ಉರಿಮೂತ್ರ ಶುರುವಾಯಿತು. "ಉಷ್ಣ ಕಣೇ, ತಾನೇ ಹೋಗುತ್ತೆ" ಎಂದಳು ಅಕ್ಕ. ಉರಿಗೆ ಹೆದರಿ ತಂಗಿ ಮನೆಯಲ್ಲೂ ನೀರು ಕಡಿಮೆ ಮಾಡಿದಳು. ಆಮೇಲೆ ಸೊಂಟನೋವು, ನಡುಕದ ಜ್ವರ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ನಂಜು ರಕ್ತಕ್ಕೇರಿತ್ತು.

"ದಿನಕ್ಕೆ ಎಷ್ಟು ನೀರು ಕುಡೀತಿದ್ರು?" ನರ್ಸಮ್ಮ ಕೇಳಿದರು.

ಅಕ್ಕ ಸಿಟ್ಟಿನಿಂದಲೇ ಹೇಳಿದಳು, "ಕುಡಿದು ಎಲ್ಲಿಗೆ ಹೋಗ್ಬೇಕು ನರ್ಸಮ್ಮ? ನೀವೇ ಜಾಗ ತೋರಿಸಿ."

ನರ್ಸಮ್ಮ ಅವಳ ಪಕ್ಕದಲ್ಲೇ ಕೂತರು. "ನಿಜ, ತಪ್ಪು ನಿಮ್ಮದಲ್ಲ. ಆದ್ರೆ ನೀರು ಕುಡೀದೆ, ಬಂದದ್ದನ್ನ ತಡ್ಕೊಂಡ್ರೆ ಒಳಗೆ ಕೀವಾಗುತ್ತೆ, ಕಿಡ್ನಿಗೂ ಏರುತ್ತೆ. ಮರೆ ಕಟ್ಟಿಸೋದು ಕೆಲಸ ಮಾಡಿಸೋರ ಹೊಣೆ. ಒಬ್ಬರೇ ಕೇಳ್ಬೇಡಿ, ಎಲ್ಲರೂ ಸೇರಿ ಕೇಳಿ."

"ಕೇಳಿದ್ರೆ ಕೊಡೋ ಜನವಾ ಅವರು" ಎಂದುಕೊಂಡ ಅಕ್ಕ ಯಾರನ್ನೂ ಕೇಳಲಿಲ್ಲ.

ಜ್ವರ ಬಂದ ಆರನೆಯ ದಿನ ತಂಗಿ ಹೋದಳು.

ತಿಂಗಳು ಕಳೆದ ಮೇಲೆ ತಂಗಿಯ ಮಗಳು ಅಮ್ಮನ ಜಾಗಕ್ಕೆ ಕೆಲಸಕ್ಕೆ ಬಂದಳು. ತಲೆಯ ಮೇಲೆ ಅಮ್ಮನದೇ ಸಿಂಬಿ. ಮಧ್ಯಾಹ್ನದ ಹೊತ್ತಿಗೆ ಅವಳ ತುಟಿ ಬಿರಿದಿತ್ತು.

"ದೊಡ್ಡಮ್ಮ, ಅಮ್ಮ ಬಾಯಲ್ಲಿ ಇಟ್ಕೋತಿದ್ದಳಲ್ಲ, ಅಂಥದ್ದೊಂದು ಹರಳು ಹುಡುಕಿಕೊಡು."

ಅಕ್ಕನ ನಾಲಿಗೆಯ ಕೆಳಗೂ ಹರಳಿತ್ತು. ಅದನ್ನು ಅಂಗೈಗೆ ಉಗುಳಿ ಒಂದು ಗಳಿಗೆ ನೋಡಿದಳು. ಬುಟ್ಟಿ ಕೆಳಗಿಟ್ಟು ಮೇಸ್ತ್ರಿಯ ಮುಂದೆ ಹೋಗಿ ನಿಂತು, "ನಮಗೊಂದು ಮರೆ ಕಟ್ಟಿಸಿಕೊಡಿ" ಎಂದಳು. ಉಳಿದ ಏಳು ಹೆಂಗಸರೂ ಒಬ್ಬೊಬ್ಬರಾಗಿ ಬುಟ್ಟಿ ಇಳಿಸಿ ಅವಳ ಹಿಂದೆ ಬಂದರು.

"ಇನ್ನೆರಡು ತಿಂಗಳ ಕೆಲಸ, ಅದಕ್ಕೊಂದು ಮರೆ ಬೇಕೇನ್ರಮ್ಮ?" ಎಂದ ಮೇಸ್ತ್ರಿ.

"ನನ್ನ ತಂಗಿಗೆ ಎರಡು ತಿಂಗಳು ಹಿಡೀಲಿಲ್ಲ ಮೇಸ್ತ್ರಿ. ಆರು ದಿನ ಸಾಕಾಯ್ತು."

ಮೇಸ್ತ್ರಿ ಇಬ್ಬರು ಆಳುಗಳನ್ನು ಕರೆದ. ಸಂಜೆಯೊಳಗೆ ಗುಂಡಿ ತೋಡಿ, ಸುತ್ತ ನಾಲ್ಕು ತಗಡು ನಿಲ್ಲಿಸಿ, ಚಿಲಕದ ಬಾಗಿಲು ಕೂರಿಸಿ, ಪಕ್ಕದಲ್ಲಿ ಒಂದು ಡ್ರಮ್ ನೀರಿಟ್ಟರು. ಅಕ್ಕ ಆ ತಗಡುಗಳನ್ನು ಮತ್ತೆ ಮತ್ತೆ ಎಣಿಸಿದಳು. ಇಷ್ಟೇ ಸಾಕಿತ್ತು. ನಾಲ್ಕೇ ನಾಲ್ಕು ತಗಡು.

ಮರುದಿನ ಬೆಳಿಗ್ಗೆ ಅವಳು ಕುಡಿಯುವ ನೀರಿನ ಚೊಂಬು ಎತ್ತಿ ತಾನು ಮೊದಲು ಗಟಗಟನೆ ಕುಡಿದು, ಹುಡುಗಿಯ ಕೈಗೆ ಕೊಟ್ಟಳು. "ಕುಡಿ ಮಗಳೇ, ಪೂರ್ತಿ ಕುಡಿ."

ಇದನ್ನು ಓದುತ್ತಿರುವ ಅಕ್ಕ-ತಂಗಿಯರೇ, ಬಿಸಿಲಲ್ಲಿ ದುಡಿಯುವಾಗ ಬಾಯಾರುವ ಮೊದಲೇ ಆಗಾಗ ನೀರು ಕುಡಿಯಿರಿ. ತಡೆದುಕೊಳ್ಳಬೇಡಿ. ಉರಿ, ಸೊಂಟನೋವು, ಜ್ವರ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಮರೆ ಇಲ್ಲದ ಕಡೆ ಎಲ್ಲರೂ ಸೇರಿ ಕೇಳಿ, ಇಂದೇ ಕೇಳಿ. ಈ ಅಕ್ಕ ಒಂದು ತಿಂಗಳು ತಡವಾಗಿ ಕೇಳಿದಳು.