ಹಾಳೆ ತುಂಬ ಬ್ರಾನಿಗನ್

ವಿಲ್ಮಾ ಸ್ಕ್ರೋಬಾಕ್‌ಗೆ ಹಿಮವೆಂದರೆ ಭಯವಿರಲಿಲ್ಲ. ಈರಿ ಸರೋವರದ ಗಾಳಿ ಹಿಮವನ್ನು ಹೊತ್ತು ತಂದು ರಸ್ತೆಯ ಗುರುತನ್ನೇ ಅಳಿಸಿಬಿಡುವ ಬೆಳಗುಗಳಲ್ಲೂ ಅವಳು ಮಕ್ಕಳನ್ನು ತುಂಬಿಕೊಂಡು ಶಾಲೆಯ ಹಳದಿ ಬಸ್ಸು ಓಡಿಸಿದವಳು. ವಾರವೆಲ್ಲ ಬಸ್ಸು, ಭಾನುವಾರ ಬೇಸ್‌ಬಾಲ್ ಕಾರ್ಡು. ಅಗ್ನಿಶಾಮಕದವರ ಸಭಾಂಗಣದಲ್ಲೋ ಹೋಟೆಲಿನ ಹಾಲಿನಲ್ಲೋ ಕಾರ್ಡು ಕೊಳ್ಳುವ ಮಾರುವ ಶೋ ನಡೆದರೆ ಅಲ್ಲಿ ಅವಳದೊಂದು ಮೇಜು ಇದ್ದೇ ಇರುತ್ತಿತ್ತು. ಗಂಡಸರೇ ತುಂಬಿರುವ ಜಾಗ. ಮೊದಮೊದಲು ನಕ್ಕವರು ಕ್ರಮೇಣ ಅವಳ ಮೇಜಿನ ಮುಂದೆ ಸಾಲು ನಿಂತರು.

ಅವಳನ್ನು ಆ ಲೋಕಕ್ಕೆ ಕರೆತಂದವನು ಎಮರಿ ಲಂಡ್‌ಗ್ರೆನ್. ಊರಿನ ಕಾರ್ಡು ಸಂಗ್ರಾಹಕರಲ್ಲೆಲ್ಲ ಹಿರಿಯ, ಮೆಲುಮಾತಿನ ಮನುಷ್ಯ. ಯಾರದೇ ಕಾರ್ಡಿನ ಬಗ್ಗೆ ಜಗಳ ಬಂದರೂ ಎಮರಿ ಭೂತಗನ್ನಡಿ ಹಿಡಿದು ನೋಡಿ ಹೇಳಿದ್ದೇ ಕೊನೆಯ ಮಾತು.

ಚೂಯಿಂಗ್ ಗಮ್ಮಿನ ಜೊತೆ ಪುಕ್ಕಟೆ ಬರುತ್ತಿದ್ದ, ಆಟಗಾರರ ಚಿತ್ರವಿರುವ ರಟ್ಟಿನ ತುಂಡುಗಳನ್ನು ಜನ ಬ್ಯಾಂಕಿನ ಲಾಕರಿನಲ್ಲಿಡುವ ಕಾಲ ಬಂದಿತ್ತು. ಬೆಲೆ ಏರಿದ ಮೇಲೆ ಕಳ್ಳರು ಬರದಿರುತ್ತಾರೆಯೇ? ಪಶ್ಚಿಮದ ಕಡೆ ಯಾರೋ ನಕಲಿ ಅಚ್ಚು ಹಾಕಿ ಸಿಕ್ಕಿಬಿದ್ದರಂತೆ ಎಂದು ಶೋಗಳಲ್ಲಿ ಗುಸುಗುಸು ಇತ್ತು. ಅದೆಲ್ಲ ದೂರದ ಮಾತು ಎಂದುಕೊಂಡಿದ್ದ ವಿಲ್ಮಾ, ಆ ಶರತ್ಕಾಲದಲ್ಲಿ ಕ್ಲೀವ್‌ಲ್ಯಾಂಡಿನ ಶೋದಲ್ಲಿ ಅಪರಿಚಿತನೊಬ್ಬನಿಂದ ಟಕ್ ಬ್ರಾನಿಗನ್‌ನ ಮೊದಲ ವರ್ಷದ ಕಾರ್ಡುಗಳನ್ನು ಕೊಂಡಳು. ಐವತ್ತರ ದಶಕದಲ್ಲಿ ಎಡಗೈಯಲ್ಲಿ ಚೆಂಡೆಸೆಯುತ್ತಿದ್ದ ಪಿಚರ್ ಬ್ರಾನಿಗನ್. ಆ ಕಾರ್ಡು ಸಿಗುವುದೇ ಅಪರೂಪ. ಒಂದನ್ನು ಕ್ಷೌರಿಕ ಲೈಲ್ ಪೆಸ್ಕಿನ್‌ಗೆ ಮಾರಿದಳು. ಅವನು ಅದನ್ನು ಅಂಗಡಿಯ ಕನ್ನಡಿಯ ಮೇಲೆ ಚೌಕಟ್ಟು ಹಾಕಿಸಿ ತೂಗುಹಾಕಿದ.

ಜಿಂಕೆ ಬೇಟೆ ಶುರುವಾದಾಗ ಶಾಲೆಗೆ ಕೊಡುವ ರಜೆಯಲ್ಲಿ ಸುಮ್ಮನೆ ಕೂತಿದ್ದಾಗ ಅವಳು ತನ್ನ ಹಳೆಯ ಬ್ರಾನಿಗನ್ನನ್ನು ಹೊರತೆಗೆದಳು. ಲಂಗ ತೊಟ್ಟ ಹುಡುಗಿಯಾಗಿದ್ದಾಗ ಗಮ್ಮಿನ ಪೊಟ್ಟಣ ಹರಿದು ತಾನೇ ಪಡೆದದ್ದು. ಅದರ ಬಗ್ಗೆ ಅನುಮಾನಕ್ಕೆ ಎಡೆಯೇ ಇಲ್ಲ. ಹೊಸದನ್ನು ಪಕ್ಕದಲ್ಲಿಟ್ಟು ಭೂತಗನ್ನಡಿ ಹಿಡಿದಳು. ಹಳೆಯದರಲ್ಲಿ ಚಿತ್ರ ಮಾತ್ರ ಬಣ್ಣದ ಚುಕ್ಕೆಗಳಿಂದ ಆಗಿತ್ತು, ಹೆಸರಿನ ಅಕ್ಷರಗಳು ಗಟ್ಟಿ ಶಾಯಿಯವು. ಹೊಸದರಲ್ಲಿ ಅಕ್ಷರಗಳೂ ಚುಕ್ಕೆ ಚುಕ್ಕೆಯಾಗಿ ಒಡೆದಿದ್ದವು. ಯಾರೋ ಅಸಲಿ ಕಾರ್ಡಿನ ಫೋಟೋ ತೆಗೆದು ಅದನ್ನೇ ಮತ್ತೆ ಅಚ್ಚು ಹಾಕಿದ್ದರು. ಬ್ರಾನಿಗನ್‌ನ ಮೊಣಕೈ ಬಳಿ ಕೂದಲೆಳೆಯಷ್ಟು ಬಿಳಿ ಗೆರೆ. ಉಳಿದವನ್ನೂ ನೋಡಿದಳು. ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಗೆರೆ.

ಅವಳಿಗೆ ಹೊಳೆದದ್ದು ಒಂದೇ ಹೆಸರು. ಫೋನ್ ಮಾಡಿ, "ಎಮರಿ, ಬ್ರಾನಿಗನ್ ವಿಷ್ಯ ಏನೋ ಮಾತಾಡ್ಬೇಕು, ಬರ್ಲಾ?" ಎಂದಳು.

"ಬಾ ಬಾ," ಎಂದ ಅವನು.

ಮಧ್ಯಾಹ್ನ ಅವಳು ಹೋದಾಗ ಬಾಗಿಲಲ್ಲೇ ನಗುತ್ತ ನಿಂತಿದ್ದ. "ಬಸ್ ರಾಣಿ ಬಂದ್ಳಪ್ಪ! ಇಂಥ ಹಿಮದಲ್ಲಿ ನೀನೊಬ್ಬಳೇ ಹೊರಗೆ ಬರೋಳು."

"ಊರಲ್ಲಿ ಗಂಡಸ್ರೇ ಇಲ್ವಲ್ಲ ಮಾರಾಯ, ಎಲ್ರೂ ಕಾಡಿಗೆ ಹೋಗಿದಾರೆ."

"ನಾನಿಲ್ವೇನೆ?"

"ನೀನು ಲೆಕ್ಕಕ್ಕಿಲ್ಲ. ರಟ್ಟು ಬಿಟ್ರೆ ಇನ್ನೇನನ್ನ ಬೇಟೆ ಆಡಿದೀಯ ನೀನು? ಐಲೀನ್ ಎಲ್ಲಿ?"

"ಅಕ್ಕನ ಮನೆಗೆ ಹೋಗಿದಾಳೆ, ಜಿರಾರ್ಡ್‌ಗೆ. ಬಾ, ಕೆಳಗೆ ಬೆಚ್ಚಗಿದೆ."

ನೆಲಮಾಳಿಗೆಯಲ್ಲಿ ಅವನ ಕಾರ್ಡುಗಳ ಕಪಾಟುಗಳು. ಅವಳು ಎಷ್ಟೋ ಭಾನುವಾರ ಕಳೆದ ಜಾಗ. ಅಂದು ಮಾತ್ರ ಗಾಳಿಯಲ್ಲಿ ಮೂಗು ಉರಿಸುವ ವಾಸನೆಯಿತ್ತು. ಕಿಟಕಿಗೆ ಬಣ್ಣ ಹೊಡೆದೆ ಎಂದ. ವಿಲ್ಮಾ ಕೋಟನ್ನೂ ಬಿಚ್ಚದೆ ಕೂತಳು. ಹಳೆಯ ಕಾರ್ಡನ್ನೂ ಒಂದೆರಡು ಹೊಸದನ್ನೂ ಹಾಕಿ ತಂದ ಲಕೋಟೆ ಇನ್ನೂ ಒಳಜೇಬಿನಲ್ಲೇ ಇತ್ತು.

"ನಕಲಿ ಬಂದ್ಬಿಟ್ಟಿದೆ ಎಮರಿ. ನಮ್ಮೂರಿಗೇ ಬಂದಿದೆ."

ಎಮರಿ ನಕ್ಕ. "ಅಯ್ಯೋ, ಆ ಮೊಣಕೈ ಹತ್ರ ಬಿಳಿ ಗೆರೆ ನೋಡಿ ಹೆದ್ರಿದ್ಯಾ? ಅದು ಹಳೇ ಅಚ್ಚಿನ ದೋಷ ಕಣೆ. ಅಸಲೀಲೂ ಇರುತ್ತೆ."

ಲಕೋಟೆ ತೆಗೆಯಲು ಹೋಗಿದ್ದ ವಿಲ್ಮಾಳ ಕೈ ಜೇಬಿನಲ್ಲೇ ನಿಂತಿತು. ಗೆರೆಯ ಮಾತನ್ನು ಅವಳು ಯಾರ ಬಳಿಯೂ ಎತ್ತಿರಲಿಲ್ಲ. ಎದುರಿಗೆ ಕೂತವನ ಮುಖ ಮಾತ್ರ ಅದೇ ಹಳೆಯ ಸ್ನೇಹಿತನ ಮುಖ, ಕೆನ್ನೆಯ ಮೇಲೆ ಅದೇ ನಗೆಗುಳಿ.

"ಹೌದಾ? ಹಂಗಿದ್ರೆ ನಂದೇ ತಪ್ಪಿರ್ಬೇಕು ಬಿಡು," ಎಂದಳು. ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸಿತು. ಏನೂ ಆಗದವಳಂತೆ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. ಇಡದಿದ್ದರೆ ಅನುಮಾನ ಬರುತ್ತಿತ್ತು.

ಎಮರಿ ಅದನ್ನು ಮುಟ್ಟಲಿಲ್ಲ. ಅವಳನ್ನೇ ನೋಡುತ್ತಿದ್ದ. "ಇದನ್ನ ಯಾರಿಗಾದ್ರೂ ಹೇಳಿದ್ಯಾ?"

"ತಮ್ಮನಿಗೆ. ಬೆಳಿಗ್ಗೆ ಫೋನ್ ಮಾಡಿದ್ದೆ. ಇಲ್ಲಿಗೆ ಬರೋದೂ ಗೊತ್ತು ಅವನಿಗೆ."

"ಮಿಚ್‌ಗಾ?" ಎಮರಿ ಮೃದುವಾಗಿ ಕೇಳಿದ. "ಮಿಚ್ ಬೇಟೆ ಬಿಡಾರದಲ್ಲಿದಾನಲ್ಲ ವಿಲ್ಮಾ. ಅಲ್ಲಿ ಫೋನೇ ಇಲ್ಲ."

ಎಮರಿ ಎದ್ದ. "ಕೂತಿರು. ಕಾಫಿ ತರ್ತೀನಿ."

ಅವನು ಮೆಟ್ಟಿಲು ಹತ್ತಿದ. ಮೇಲಿನ ಬಾಗಿಲು ಮುಚ್ಚಿತು. ಆಮೇಲೆ ಒಂದು ಸಣ್ಣ ಸದ್ದು. ಚಿಲಕವೇ? ಫ್ರಿಜ್ಜಿನ ಬಾಗಿಲೇ? ಶೂ ಸದ್ದಾಗದಂತೆ ಮೆಟ್ಟಿಲೇರಿ ಹಿಡಿಯನ್ನು ತಿರುಗಿಸಿ ನೋಡಿದಳು. ಬಾಗಿಲು ಅಲುಗಲಿಲ್ಲ. ಆಚೆ ಕಡೆ ಎಮರಿ ಏನೋ ಗುನುಗುತ್ತ ಕಪ್ಪುಗಳನ್ನು ತೆಗೆಯುತ್ತಿದ್ದ.

ಹಿಂದಿನ ಕೋಣೆಯಿಂದ ಅಂಗಳಕ್ಕೆ ಹತ್ತುವ, ಮೇಲಕ್ಕೆ ತೆರೆಯುವ ಓರೆ ಬಾಗಿಲೊಂದಿರುವುದು ಅವಳಿಗೆ ನೆನಪಾಯಿತು. ಕೆಳಗಿಳಿದು ಆ ಕೋಣೆಯ ಪರದೆ ಸರಿಸಿದಳು. ಒಳಗೆ ಬಟ್ಟೆ ಒಣಗಿಸುವ ತಂತಿಗಳು, ತಂತಿಗಳ ತುಂಬ ಕ್ಲಿಪ್ಪು ಹಾಕಿ ತೂಗುಬಿಟ್ಟ ದೊಡ್ಡ ದೊಡ್ಡ ಹಾಳೆಗಳು. ಹಾಳೆ ತುಂಬ ಬ್ರಾನಿಗನ್. ಒಬ್ಬನ ಪಕ್ಕ ಒಬ್ಬ, ಒಬ್ಬನ ಕೆಳಗೆ ಒಬ್ಬ, ಒಂದೇ ಟೋಪಿ, ಒಂದೇ ನಗು. ಹೀಟರಿನ ಗಾಳಿಗೆ ಹಾಳೆಗಳು ಅಲುಗಿದಾಗ ಅಷ್ಟೂ ಜನ ಒಟ್ಟಿಗೆ ಅವಳ ಕಡೆ ತಿರುಗಿದಂತಾಯಿತು. ಮೂಲೆಯಲ್ಲಿ ಉದ್ದ ಅಲಗಿನ ಕಾಗದ ಕತ್ತರಿಸುವ ಯಂತ್ರ.

ವಿಲ್ಮಾ ಹಾಳೆಗಳ ನಡುವೆ ನುಗ್ಗಿ ಓರೆ ಬಾಗಿಲನ್ನು ತಳ್ಳಿದಳು. ಮೇಲೆ ಹಿಮ ಕೂತಿತ್ತು. ಅದು ಕದಲಲಿಲ್ಲ.

"ಅದು ಚಳಿಗಾಲದಲ್ಲಿ ತೆರ್ಯಲ್ಲ." ಎಮರಿ ಪರದೆಯ ಬಳಿ ನಿಂತಿದ್ದ. ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಅವಳ ಲಕೋಟೆ.

"ಯಾಕೆ ಎಮರಿ?" ಅವಳಿಗೆ ಅಷ್ಟೇ ಬಂತು.

"ಜನಕ್ಕೆ ಬ್ರಾನಿಗನ್ ಬೇಕು, ಅಸಲಿ ಸಾಲಲ್ಲ. ಲೈಲ್ ಮುಖ ನೋಡಿದೀಯಾ, ಗಿರಾಕಿಗಳಿಗೆ ಅದನ್ನ ತೋರಿಸೋವಾಗ? ಆ ಖುಷಿ ನಕಲೀನಾ?" ಕಾಫಿಯನ್ನು ಜೋಪಾನವಾಗಿ ಕೆಳಗಿಟ್ಟ. "ಮತ್ತೆ ಅವನಿಗೆ ಮಾರಿದ್ದು ನಾನಲ್ಲ, ನೀನು. ಬಾಯಿ ಬಿಟ್ರೆ ಜನ ಮೊದ್ಲು ಯಾರನ್ನ ಕೇಳ್ತಾರೆ, ಯೋಚ್ನೆ ಮಾಡು."

ಅವನು ಲಕೋಟೆಯಿಂದ ಅವಳ ಹಳೆಯ ಕಾರ್ಡನ್ನು ತೆಗೆದ. ಬೆಳಕಿಗೆ ಹಿಡಿದು ಪ್ರೀತಿಯಿಂದಲೇ ನೋಡಿದ. "ಎಷ್ಟು ಚೆನ್ನಾಗಿಟ್ಟಿದೀಯ," ಎಂದ. ಆಮೇಲೆ ಅದನ್ನು ಯಂತ್ರದ ಮೇಲಿಟ್ಟು, ಅಂಚು ಸರಿಮಾಡಿ, ಅಲಗನ್ನು ಇಳಿಸಿದ.

ರಟ್ಟು ಕಚಕ್ಕೆಂದಿತು. ಬ್ರಾನಿಗನ್ ಎರಡು ತುಂಡಾದ.

ಬೆದರಿಸುತ್ತಾನೆ, ಹೊಡೆಯುತ್ತಾನೆ ಎಂದೆಲ್ಲ ಅವಳು ಹೆದರಿದ್ದಳು. ಅದಾವುದೂ ಇಷ್ಟು ಭಯ ಹುಟ್ಟಿಸುತ್ತಿರಲಿಲ್ಲ. ಅಸಲಿ ಕಾರ್ಡನ್ನು ಮುಟ್ಟುವಾಗ ಉಸಿರು ಹಿಡಿಯಬೇಕೆಂದು ಅವಳಿಗೆ ಕಲಿಸಿದವನೇ ಇವನು. ಅದನ್ನೇ ಕತ್ತರಿಸಬಲ್ಲ ಕೈ ಇನ್ನೇನನ್ನು ಕತ್ತರಿಸಲಾರದು? ಅವಳು ತುಂಡುಗಳನ್ನು ಬಾಚಿಕೊಂಡು, ಓರೆ ಬಾಗಿಲಿಗೆ ಭುಜ ಕೊಟ್ಟು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ತಳ್ಳಿದಳು. ಹಿಮ ಸರಿಯಿತು. ಬಾಗಿಲು ಸಂದು ಬಿಟ್ಟಿತು. ಬಟ್ಟೆ ಹರಿದುಕೊಂಡು ಹೊರಗೆ ತೆವಳಿ ಕಾರಿನತ್ತ ಓಡಿದಳು.

ಎಮರಿ ಅಟ್ಟಿಸಿಕೊಂಡು ಬರಲಿಲ್ಲ. ಕೆಳಗಿನಿಂದಲೇ ಕೂಗಿದ, ಯಾವಾಗಲೂ ಕೂಗುತ್ತಿದ್ದ ದನಿಯಲ್ಲಿ: "ನಿಧಾನಕ್ಕೆ ಓಡ್ಸು ವಿಲ್ಮಾ, ರಸ್ತೆ ಜಾರುತ್ತೆ!"

ಅವಳು ನೇರ ಪೊಲೀಸರ ಬಳಿ ಹೋದಳು. ಬೇಟೆಗೆ ಹೋಗದೆ ಉಳಿದಿದ್ದ ಒಬ್ಬನೇ ಅಧಿಕಾರಿ, "ಚೂಯಿಂಗ್ ಗಮ್ ಕಾರ್ಡಾ ಮೇಡಂ?" ಎಂದು ಎರಡೆರಡು ಸಲ ಕೇಳಿದ. ಪೊಲೀಸರು ಎಮರಿಯ ಮನೆಗೆ ಹೋಗುವ ಹೊತ್ತಿಗೆ ಹಿಂದಿನ ಕೋಣೆ ಗುಡಿಸಿ ಒರೆಸಿದಂತಿತ್ತು. ಎಮರಿ ಅವರಿಗೂ ಕಾಫಿ ಕೊಟ್ಟನಂತೆ.

ಆಮೇಲಿನ ದಿನಗಳು ಅವಳಿಗೆ ನರಕವಾದವು. ಫೋನ್ ಎತ್ತಿದರೆ ಆಚೆಯಿಂದ ಬರಿಯ ಉಸಿರು. ಬಸ್ಸು ಹತ್ತುವ ಮೊದಲು ಕೊನೆಯ ಸೀಟಿನವರೆಗೆ ಬಗ್ಗಿ ನೋಡುವ ಚಾಳಿ ಬಂತು. ವಿಷಯ ಹೇಳಲು ಹೋದರೆ ಲೈಲ್ ಗಿರಾಕಿಯ ತಲೆಯಿಂದ ಕತ್ತರಿಯನ್ನೂ ತೆಗೆಯಲಿಲ್ಲ. "ನಂಗೇನೂ ಹೇಳ್ಬೇಡ ವಿಲ್ಮಾ. ದುಡ್ಡೂ ವಾಪಸ್ ಬೇಡ. ಅದು ಅಲ್ಲೇ ಇರ್ಲಿ," ಎಂದ. ಕನ್ನಡಿಯಲ್ಲಿ ಅವನ ಕಣ್ಣುಗಳೂ ಹೆದರಿದ್ದವು. ಕಾರ್ಡು ವ್ಯಾಪಾರಿಗಳು ಅವಳನ್ನು ಪಕ್ಕಕ್ಕೆ ಕರೆದು ಹೇಳಿದರು: "ನೀನು ಹೀಗೆ ಬಡ್ಕೊಂಡ್ರೆ ನಾಳೆ ನಮ್ಮ ಅಸಲಿ ಮಾಲನ್ನೂ ಯಾರೂ ಮೂಸಲ್ಲ. ಎಲ್ಲರ ಹೊಟ್ಟೆ ಮೇಲೂ ಹೊಡೀತೀಯಾ?"

ಜನವರಿಯ ಶೋಗೆ ಹೋಗಬಾರದೆಂದುಕೊಂಡವಳು ಹೋದಳು. ಮೇಜಿನ ಮೇಲೆ ಕತ್ತರಿಸಿದ ಎರಡು ತುಂಡು, ಪಕ್ಕದಲ್ಲಿ ಮನೆಯಲ್ಲೇ ಉಳಿದಿದ್ದ ಒಂದು ನಕಲಿ, ಒಂದು ಭೂತಗನ್ನಡಿ ಇಟ್ಟು ಕೂತಳು. ಎಮರಿ ಎದುರು ಸಾಲಿನಲ್ಲಿ ಕೂತು ಆಗಾಗ ಅವಳತ್ತ ತಲೆಯಾಡಿಸುತ್ತಿದ್ದ. ಜನ ಅವಳ ಮೇಜಿಗೆ ಬಾರದೆ ಸುತ್ತುಹಾಕಿ ಹೋಗುತ್ತಿದ್ದರು.

ಕೊನೆಗೆ ಒಬ್ಬರು ನಿಂತರು. ಐಲೀನ್, ಎಮರಿಯ ಹೆಂಡತಿ. ಯಾವ ಶೋಗೂ ಬಾರದವಳು ಅಂದು ಬಂದಿದ್ದಳು. ಬಗ್ಗಿ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು.

"ಕಿಟಕಿ ಬಣ್ಣದ ವಾಸ್ನೆ ಅಂದಿದ್ರು," ಎಂದಳು, ತಲೆ ಎತ್ತದೆ. "ಇಂಥ ಚಳೀಲಿ ಯಾರಾದ್ರೂ ಕಿಟಕಿಗೆ ಬಣ್ಣ ಹೊಡೀತಾರಾ? ನಮ್ಮಕ್ಕನ ಗ್ಯಾರೇಜಲ್ಲಿ ಪೆಟ್ಟಿಗೆಗಳಿವೆ ವಿಲ್ಮಾ. ತೆರೀಬೇಡ ಅಂದಿದಾರೆ. ನಂಗೆ ಆ ಮನೇಲಿ ಮಲಗಕ್ಕೇ ಭಯ ಆಗುತ್ತೆ."

"ನಂಗೂ ಭಯಾನೇ ಐಲೀನ್. ಬಾ, ಇಬ್ರೂ ಹೋಗೋಣ."

ಕೋಟು ಹಾಕಿಕೊಂಡು ಇಬ್ಬರೂ ಹೊರಟರು. ಎದುರು ಸಾಲಿನಲ್ಲಿ ಎಮರಿ ಎದ್ದು ನಿಂತದ್ದನ್ನು ವಿಲ್ಮಾ ಕಂಡಳು; ಹಿಂದಿರುಗಿ ನೋಡಲಿಲ್ಲ. ಅಂದು ಸಂಜೆಯೊಳಗೆ ಪೊಲೀಸರಿಗೆ ಜಿರಾರ್ಡಿನ ಗ್ಯಾರೇಜಿನಲ್ಲಿ ಅಚ್ಚಿನ ಫಲಕಗಳು, ಕತ್ತರಿಸದ ಹಾಳೆಗಳು ಎಲ್ಲವೂ ಸಿಕ್ಕವು.

ಎಮರಿ ಜೈಲಿಗೆ ಹೋದ. ಅವನು ಹಂಚಿದ ಕಾರ್ಡುಗಳು ಮಾತ್ರ ಕೈಯಿಂದ ಕೈಗೆ ದಾಟಿ ಎಲ್ಲಿಗೋ ಹೋಗಿಬಿಟ್ಟಿದ್ದವು. ಯಾವ ಕಾರ್ಡು ನೋಡಿದರೂ ವಿಲ್ಮಾಳಿಗೆ ಮೊದಲಿನಂತೆ ಖುಷಿಯಾಗುವ ಬದಲು ಎದೆ ಹಾರುತ್ತಿತ್ತು. ಅವಳು ಮೇಜು ಹಾಕುವುದನ್ನು ಬಿಟ್ಟಳು.

ಕೆಲವು ವರ್ಷಗಳ ನಂತರ ಕಿರಾಣಿ ಅಂಗಡಿಯಲ್ಲಿ ಆಲೂಗಡ್ಡೆ ಆರಿಸುತ್ತಿದ್ದಾಗ ಪಕ್ಕದಲ್ಲಿ ಯಾರೋ ಅವಳ ಹೆಸರು ಹೇಳಿದರು. ಎಮರಿ. ಬಿಡುಗಡೆಯಾಗಿ ಬಂದಿದ್ದ, ಸೊರಗಿದ್ದ. ಜೇಬಿನಿಂದ ಪ್ಲಾಸ್ಟಿಕ್ ಹೊದಿಕೆಯ ಕಾರ್ಡೊಂದನ್ನು ತೆಗೆದು ಮುಂದೆ ಹಿಡಿದ. ಬ್ರಾನಿಗನ್.

"ನಿಂದನ್ನ ಹಾಳು ಮಾಡಿದ್ದೆ. ಇದು ಅಸಲಿ, ವಿಲ್ಮಾ. ದೇವ್ರಾಣೆ. ತಗೋ."

ಅವನ ಕಣ್ಣಲ್ಲಿ ನೀರಿತ್ತು. ಇರಬಹುದು, ಅಸಲಿಯೇ ಇರಬಹುದು. ಅವಳ ಕೈ ಮಾತ್ರ ಮುಂದೆ ಹೋಗಲಿಲ್ಲ. ಸಾಮಾನಿನ ತಳ್ಳುಗಾಡಿಯನ್ನು ಅಲ್ಲಿಯೇ ಬಿಟ್ಟು ಬಾಗಿಲ ಕಡೆ ನಡೆದಳು. ಹೊರಗೆ ಬಿಸಿಲಿತ್ತು. ಕಾರಿನ ಹಿಂದಿನ ಸೀಟನ್ನು ಬಗ್ಗಿ ನೋಡಿ, ಒಳಗೆ ಕೂತು, ಎಲ್ಲ ಬಾಗಿಲುಗಳ ಚಿಲಕ ಒತ್ತಿಕೊಂಡಳು.